ಸ್ತನ ಮರುನಿರ್ಮಾಣದ ಆಪರೇಷನ್ ನಂತರ ನೀರು ತುಂಬುವುದು ‘ನಂಜಿ’ನಿಂದಲೇ? ಶಾಖ ಕೊಟ್ಟರೆ, ನೀರು ಕಡಿಮೆ ಕುಡಿದರೆ ತಡೆಯಬಹುದೇ?

ನಮ್ಮ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಒಂದು ಸಂದೇಶ ಬಂತು. ‘ಎದೆ ಆಪರೇಷನ್ ಆದವರು ತಪ್ಪದೇ ಓದಿ’ ಎಂಬಂಥ ತಲೆಬರಹ, ಕೆಳಗೆ ಕೈಮುಗಿದ ಚಿತ್ರಗಳು, ಕೊನೆಗೆ ಹತ್ತು ಜನಕ್ಕೆ ಕಳಿಸಿ ಎಂಬ ಮನವಿ. ಹಾಕಿದವರು ಕೆ.ಆರ್. ನಗರದ ಸಂಬಂಧಿಕರು. ಹಾಕಿದ್ದು ಪ್ರೀತಿಯಿಂದಲೇ. ಏಕೆಂದರೆ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿರುವ ನಮ್ಮ ಚಿಕ್ಕಮ್ಮ ಆಗಷ್ಟೇ ಮೈಸೂರಿನ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿತ್ತು. ತೆಗೆದ ಜಾಗಕ್ಕೆ ಬೆನ್ನಿನ ಮಾಂಸಖಂಡವನ್ನು ಚರ್ಮದ ಸಮೇತ ತಿರುಗಿಸಿ ತಂದು ಕೂರಿಸಿದ್ದರು. ಎದೆಯಿಂದ ಒಂದು, ಬೆನ್ನಿನಿಂದ ಒಂದು, ಹೀಗೆ ಎರಡು ನಳಿಗೆಗಳು, ಎರಡು ಬಾಟಲಿಗಳು.

ಸಂದೇಶದಲ್ಲಿ ಐದು ಮಾತುಗಳಿದ್ದವು. ಗಾಯದಲ್ಲಿ ನೀರು ತುಂಬುವುದು ನಂಜಿನಿಂದ, ಹಾಗಾಗಿ ಬದನೆಕಾಯಿ, ಕುಂಬಳಕಾಯಿ, ಮೊಟ್ಟೆ, ಮೀನು ಮುಟ್ಟಬಾರದು. ನೀರು ಕಡಿಮೆ ಕುಡಿದರೆ ನೀರು ತುಂಬುವುದಿಲ್ಲ. ಉಪ್ಪಿನ ಗಂಟು ಬಿಸಿ ಮಾಡಿ ಶಾಖ ಕೊಟ್ಟರೆ ತುಂಬಿದ ನೀರು ಆರಿಹೋಗುತ್ತದೆ. ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿ ಆ ಕಡೆಯ ಕೈಯನ್ನು ಎರಡು ತಿಂಗಳು ಅಲ್ಲಾಡಿಸಬಾರದು. ಇಷ್ಟೆಲ್ಲ ಮಾಡಿಯೂ ನೀರು ತುಂಬಿದರೆ ಕ್ಯಾನ್ಸರ್ ಮತ್ತೆ ಬಂದಿದೆ ಎಂದೇ ಅರ್ಥ.

ಇವುಗಳಲ್ಲಿ ನಾಲ್ಕು ತಪ್ಪು. ಶಾಖದ ಸಲಹೆ ತಪ್ಪು ಮಾತ್ರವಲ್ಲ, ಅಪಾಯ. ಕೈಯ ವಿಷಯದಲ್ಲಿ ಮಾತ್ರ ಅರ್ಧ ಸತ್ಯವಿದೆ. ಆ ಅರ್ಧ ಯಾವುದು ಎಂದು ಗೊತ್ತಿರಬೇಕು, ಇಲ್ಲದಿದ್ದರೆ ಅದೂ ತೊಂದರೆಯೇ.

ಅಷ್ಟಕ್ಕೂ ಆ ನೀರು ಏನು?

ವೈದ್ಯರು ಇದನ್ನು ಸೆರೋಮಾ ಎನ್ನುತ್ತಾರೆ. ಸ್ತನ ತೆಗೆಯುವಾಗ ಚರ್ಮವನ್ನು ಅದರ ಕೆಳಗಿನ ಮಾಂಸಖಂಡದಿಂದ ಬಿಡಿಸಿ ಎತ್ತುತ್ತಾರೆ. ಕಂಕುಳಿನ ಗಂಟುಗಳನ್ನು ತೆಗೆಯುವಾಗ ಅಲ್ಲಿ ಹರಿಯುವ ಸಣ್ಣ ಸಣ್ಣ ದುಗ್ಧನಾಳಗಳು ತುಂಡಾಗುತ್ತವೆ. ಹೊಲಿಗೆ ಹಾಕಿ ಮುಚ್ಚಿದ ಮೇಲೂ ಚರ್ಮದಡಿ ಒಂದು ಖಾಲಿ ಜಾಗ ಉಳಿಯುತ್ತದೆ. ತುಂಡಾದ ನಾಳಗಳಿಂದ, ಕೆರೆದ ಗಾಯದ ಮೈಯಿಂದ ಒಸರುವ ತಿಳಿಹಳದಿ ದ್ರವ ಅಲ್ಲಿ ನಿಲ್ಲುತ್ತದೆ. ಕೆ.ಆರ್. ನಗರದ ಕಡೆ ನಾಲೆ ಬದಿಯ ಗದ್ದೆಯಲ್ಲಿ ಒಂದು ಗುಂಡಿ ತೋಡಿ ನೋಡಿ. ಯಾರೂ ನೀರು ಸುರಿಯದಿದ್ದರೂ ಸಂಜೆಯೊಳಗೆ ಸುತ್ತಲಿನ ಮಣ್ಣಿನಿಂದ ಒಸರಿ ತುಂಬಿರುತ್ತದೆ. ಗುಂಡಿ ಇರುವವರೆಗೆ ಒಸರುತ್ತಲೇ ಇರುತ್ತದೆ.

ಅಂದರೆ ಇದು ಕೀವಲ್ಲ, ನಂಜಲ್ಲ, ಕ್ಯಾನ್ಸರ್ ಕೂಡ ಅಲ್ಲ. ಸ್ತನದ ಆಪರೇಷನ್‌ಗಳ ನಂತರ ಅತಿ ಹೆಚ್ಚಾಗಿ ಕಾಣುವ ತೊಂದರೆಗಳಲ್ಲಿ ಇದೂ ಒಂದು. ಮರುನಿರ್ಮಾಣ ಮಾಡಿಸಿಕೊಂಡವರಿಗಷ್ಟೇ ಅಲ್ಲ, ಸ್ತನ ತೆಗೆಸಿ ಅಷ್ಟಕ್ಕೇ ಬಿಟ್ಟವರಿಗೂ ಆಗುತ್ತದೆ. ನಮ್ಮ ಹುಣಸೂರು, ಎಚ್.ಡಿ. ಕೋಟೆ ಕಡೆಯ ಬಹಳಷ್ಟು ಹೆಣ್ಣುಮಕ್ಕಳದ್ದು ಈ ಎರಡನೆಯ ಬಗೆಯೇ. ಕೆಳಗಿನ ಹೆಚ್ಚಿನ ಮಾತುಗಳು ಅವರಿಗೂ ಅನ್ವಯಿಸುತ್ತವೆ.

ಮರುನಿರ್ಮಾಣವಾದರೆ ಒಂದು ವ್ಯತ್ಯಾಸವಿದೆ. ಗಾಯ ಎದೆಯಲ್ಲಿ ಮಾತ್ರ ಇರುವುದಿಲ್ಲ. ಹೊಟ್ಟೆಯ ಚರ್ಮ, ಕೊಬ್ಬು ತಂದಿದ್ದರೆ ಹೊಟ್ಟೆಯಲ್ಲಿ, ಬೆನ್ನಿನ ಮಾಂಸಖಂಡ ತಂದಿದ್ದರೆ ಬೆನ್ನಿನಲ್ಲಿ ಇನ್ನೊಂದು ದೊಡ್ಡ ಗಾಯ ಇರುತ್ತದೆ. ಬೆನ್ನಿನ ಈ ವಿಧಾನ ಹೊಸದೇನಲ್ಲ. ಇಟಲಿಯ ಇಗಿನಿಯೊ ತಾನ್ಸೀನಿ ಎಂಬ ಸರ್ಜನ್ 1906ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದರು. ಆಮೇಲೆ ದಶಕಗಳ ಕಾಲ ಮೂಲೆಗೆ ಬಿದ್ದು, 1970ರ ದಶಕದಲ್ಲಿ ಮತ್ತೆ ಬಳಕೆಗೆ ಬಂತು. ಇದರಲ್ಲಿ ನೀರು ತುಂಬುವ ತೊಂದರೆ ಎದೆಗಿಂತ ಹೆಚ್ಚಾಗಿ ಕಾಡುವುದು ಬೆನ್ನಿನಲ್ಲೇ. ಮನೆಗೆ ನೋಡಲು ಬಂದವರೆಲ್ಲ ಎದೆಯ ಕಡೆ ನೋಡಿ ‘ಊತ ಇಲ್ಲ ಬಿಡಿ’ ಎಂದು ಹೋಗುತ್ತಾರೆ, ಬೆನ್ನು ನೋಡುವವರಿಲ್ಲ. ರೋಗಿಗೆ ತಾನಾಗಿ ಕಾಣುವುದೂ ಇಲ್ಲ.

ತಡೆಯುವ ಕೆಲಸ ಎಲ್ಲಿ ಶುರುವಾಗುತ್ತದೆ?

ಆಪರೇಷನ್ ಟೇಬಲ್ ಮೇಲೆಯೇ. ಖಾಲಿ ಜಾಗವೇ ಕಾರಣವಾದ್ದರಿಂದ ಆ ಜಾಗವನ್ನೇ ಇಲ್ಲದಂತೆ ಮಾಡುವುದು ಒಂದು ದಾರಿ. ಹಳೆ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಅಲ್ಲಲ್ಲಿ ಹೊಲಿಗೆ ಹಾಕಿ ಕೌದಿ ಮಾಡುತ್ತಾರಲ್ಲ, ಹಾಗೆಯೇ ಚರ್ಮದ ಒಳಮೈಯನ್ನು ಕೆಳಗಿನ ಮಾಂಸಖಂಡಕ್ಕೆ ಅಲ್ಲಲ್ಲಿ ಹೊಲಿದು ಕೂರಿಸುತ್ತಾರೆ. ಇಂಗ್ಲಿಷಿನಲ್ಲೂ ಇದಕ್ಕೆ ಕೌದಿಯ ಹೆಸರೇ, ‘ಕ್ವಿಲ್ಟಿಂಗ್’ ಹೊಲಿಗೆ. ನೆದರ್ಲೆಂಡ್ಸ್‌ನ ಹಲವು ಆಸ್ಪತ್ರೆಗಳು ಸೇರಿ ಸ್ತನ ತೆಗೆಸಿಕೊಂಡವರಲ್ಲಿ ನಡೆಸಿದ ‘ಸ್ಯಾಮ್’ ಎಂಬ ಪ್ರಯೋಗದಲ್ಲಿ, ಹೀಗೆ ಒಳಹೊಲಿಗೆ ಹಾಕಿದವರಿಗೆ ಆಮೇಲೆ ಸೂಜಿ ಚುಚ್ಚಿ ನೀರು ತೆಗೆಯಬೇಕಾದ ಪ್ರಸಂಗಗಳು ಕಡಿಮೆ ಬಂದವು. ಬೆನ್ನಿನ ಗಾಯಕ್ಕೂ ಈ ಹೊಲಿಗೆ ಸಹಾಯ ಮಾಡುತ್ತದೆ ಎಂದು ಬೇರೆ ಅಧ್ಯಯನಗಳು ಹೇಳುತ್ತವೆ. ಅಂಟು ಹಚ್ಚಿ ಕೂರಿಸುವ ಪ್ರಯತ್ನಗಳೂ ನಡೆದಿವೆ, ಅವುಗಳ ಫಲಿತಾಂಶ ಇಷ್ಟು ಭರವಸೆ ಕೊಡುವುದಿಲ್ಲ.

ಇದು ಸರ್ಜನ್ ಮಾಡುವ ತೀರ್ಮಾನ. ‘ನನಗೆ ಒಳಹೊಲಿಗೆ ಹಾಕ್ತೀರಾ ಡಾಕ್ಟ್ರೇ?’ ಎಂದು ಮೊದಲೇ ಕೇಳುವುದರಲ್ಲಿ ತಪ್ಪೇನಿಲ್ಲ.

ಬಿಗಿ ಬಟ್ಟೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎದೆಗೆ ಬಿಗಿದು ಕಟ್ಟಿದ ಮಾತ್ರಕ್ಕೆ ನೀರು ತುಂಬುವುದು ನಿಲ್ಲುತ್ತದೆ ಎಂಬುದು ಪ್ರಯೋಗಗಳಲ್ಲಿ ಗಟ್ಟಿಯಾಗಿ ಸಾಬೀತಾಗಿಲ್ಲ. ಮರುನಿರ್ಮಾಣ ಆದವರಿಗೆ ಮನೆಯಲ್ಲಿ ನಾವೇ ಬಿಗಿಯುವುದು ಒಳ್ಳೆಯದೂ ಅಲ್ಲ. ಬೆನ್ನಿನಿಂದ ತಂದ ಮಾಂಸಖಂಡಕ್ಕೆ ರಕ್ತ ಬರುವುದು ಕಂಕುಳ ಹತ್ತಿರ ಹಾದುಬರುವ ಒಂದು ರಕ್ತನಾಳದಿಂದ. ಅದನ್ನು ಬಟ್ಟೆಯಿಂದ ಅದುಮಿದರೆ ಕೂರಿಸಿದ ಭಾಗಕ್ಕೇ ಕುತ್ತು. ಆಸ್ಪತ್ರೆಯವರೇ ಪಟ್ಟಿಯನ್ನೋ ವಿಶೇಷ ಬ್ರಾವನ್ನೋ ಕೊಟ್ಟಿದ್ದರೆ ಅವರು ತೋರಿಸಿದಂತೆ ಹಾಕಿಕೊಳ್ಳಿ. ಅದರ ಮೇಲೆ ಸೀರೆಯ ತುಂಡು ಸುತ್ತಬೇಡಿ.

ಬಾಟಲಿ: ಮನೆಯವರ ಕೈಯಲ್ಲಿರುವುದು ಇದೇ

ಒಳಹೊಲಿಗೆ ಹಾಕಿದರೂ ಸ್ವಲ್ಪ ಒಸರುವುದು ಇದ್ದೇ ಇರುತ್ತದೆ. ಅದನ್ನು ಹೊರಗೆ ಎಳೆಯಲು ನಳಿಗೆ ಇಡುತ್ತಾರೆ, ಆಸ್ಪತ್ರೆಯಲ್ಲಿ ಎಲ್ಲರೂ ಡ್ರೈನ್ ಎನ್ನುತ್ತಾರೆ. ಅದರ ಕೊನೆಗೆ ಸ್ಪ್ರಿಂಗ್ ಇರುವ ಪ್ಲಾಸ್ಟಿಕ್ ಬಾಟಲಿ, ಅಥವಾ ಕೈಯಲ್ಲಿ ಹಿಸುಕುವಂಥ ಒಂದು ಉಂಡೆ. ನಮ್ಮಲ್ಲಿ ಅನೇಕರು ಇದನ್ನು ನೀರು ತಾನಾಗಿ ಇಳಿದುಬಂದು ಸೇರುವ ಪಾತ್ರೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಬಾಟಲಿಯನ್ನು ಅದುಮಿ ಗಾಳಿ ಹೊರಹಾಕಿ ಮುಚ್ಚಳ ಹಾಕಿದಾಗ ಅದು ಮತ್ತೆ ಉಬ್ಬಲು ನೋಡುತ್ತದೆ. ಆ ಎಳೆತವೇ ಒಳಗಿನ ದ್ರವವನ್ನು ಹೀರುತ್ತದೆ. ಜೊತೆಗೆ ಚರ್ಮವನ್ನು ಕೆಳಗಿನ ಮಾಂಸಕ್ಕೆ ಒತ್ತಿ ಹಿಡಿದು ಅಂಟಿಕೊಳ್ಳಲು ಬಿಡುತ್ತದೆ. ಎಳೆತ ಹೋದರೆ ಬಾಟಲಿ ಇದ್ದೂ ಇಲ್ಲದಂತೆ.

ನಮ್ಮ ಮನೆಯಲ್ಲಿ ಇದನ್ನು ಕಲಿತದ್ದು ಎಡವಿದ ಮೇಲೆ. ಚಿಕ್ಕಮ್ಮನ ಮಗ ಹಳೆಯ ಹಾಲಿನ ಲೆಕ್ಕದ ಪುಸ್ತಕದಲ್ಲಿ ದಿನಾ ಬೆಳಿಗ್ಗೆ ಅಳತೆ ಬರೆದಿಡುತ್ತಿದ್ದ. ಬೆನ್ನಿನ ಬಾಟಲಿ ಮೊದಲ ದಿನ 140 ಮಿ.ಲೀ., ಆಮೇಲೆ 110, ಆಮೇಲೆ 95. ನಾಲ್ಕನೆಯ ದಿನ ಒಮ್ಮೆಗೇ 10. ಮನೆಯೆಲ್ಲ ಖುಷಿ. ನೋಡಲು ಬಂದಿದ್ದ ಸಂಬಂಧಿಕರೊಬ್ಬರು, ನಮ್ಮೂರ ಕಾಂಪೌಂಡರ್‌ಗೆ ಹೇಳಿದರೆ ಇವತ್ತೇ ಎಳೆದುಹಾಕುತ್ತಾನೆ, ಇದೊಂದಕ್ಕೆ ಮೈಸೂರಿಗೆ ಹೋಗಿ ಬರುವುದೇಕೆ ಎಂದರು. ಚಿಕ್ಕಮ್ಮನಿಗೂ ಸಾಕಾಗಿತ್ತು. ‘ಏನಾರ ಮಾಡ್ಲಿ ಕಣಮ್ಮಿ, ಮೊದ್ಲು ಈ ಬಾಟ್ಲಿ ತೆಗಸ್ಬುಡಿ, ಮಲಗಕ್ ಆಯ್ತಿಲ್ಲ’ ಎಂದು ನನಗೆ ಫೋನಿನಲ್ಲಿ ಹೇಳಿದರು.

ನಾನು ಬಾಟಲಿಯ ಫೋಟೊ ಕಳಿಸು ಎಂದು ತಮ್ಮನಿಗೆ ಹೇಳಿದೆ. ನೋಡಿದರೆ ಬಾಟಲಿ ಪೂರ್ತಿ ಉಬ್ಬಿ ನಿಂತಿತ್ತು. ಹಿಂದಿನ ದಿನ ಖಾಲಿ ಮಾಡಿದವರು ಅದುಮದೆ ಮುಚ್ಚಳ ಹಾಕಿದ್ದರು. ಒಳಗೆ ನೀರು ಕಡಿಮೆ ಆಗಿರಲಿಲ್ಲ, ಹೊರಗೆ ಬರುವುದು ನಿಂತಿತ್ತು. ನಳಿಗೆಯ ಸುತ್ತಲಿನ ಬ್ಯಾಂಡೇಜ್ ಒದ್ದೆಯಾಗಿತ್ತು, ಬೆನ್ನು ಒಂದು ಕಡೆ ಮೆತ್ತಗೆ ಉಬ್ಬಿತ್ತು. ಆಸ್ಪತ್ರೆಯ ವಾರ್ಡಿಗೆ ಫೋನ್ ಮಾಡಿದಾಗ ನರ್ಸ್ ಒಬ್ಬರು ತಾಳ್ಮೆಯಿಂದ ಹೇಳಿಕೊಟ್ಟರು. ಮಾರನೆಯ ಬೆಳಿಗ್ಗೆ ಪುಸ್ತಕದಲ್ಲಿ 130.

ಅವರು ಹೇಳಿಕೊಟ್ಟದ್ದು ಇಷ್ಟು. ಸೋಪು ಹಚ್ಚಿ ಕೈ ತೊಳೆಯಿರಿ. ನಳಿಗೆಯ ಕ್ಲಿಪ್ ಮುಚ್ಚಿ. ಮುಚ್ಚಳ ತೆಗೆದು ದ್ರವವನ್ನು ಅಳತೆಯ ಲೋಟಕ್ಕೆ ಸುರಿಯಿರಿ. ಬಾಟಲಿಯನ್ನು ಪೂರ್ತಿ ಚಪ್ಪಟೆಯಾಗುವಂತೆ ಅದುಮಿ, ಅದುಮಿ ಹಿಡಿದಂತೆಯೇ ಮುಚ್ಚಳ ಹಾಕಿ. ಕ್ಲಿಪ್ ಬಿಡಿ. ಬಾಟಲಿ ಕೂಡಲೇ ಉಬ್ಬಿಬಿಟ್ಟರೆ ಎಲ್ಲೋ ಗಾಳಿ ಸೇರುತ್ತಿದೆ, ಮುಚ್ಚಳವನ್ನೂ ಕೂಡಿಕೆಯನ್ನೂ ನೋಡಿ. ಆಗಲೂ ನಿಲ್ಲದಿದ್ದರೆ ಆಸ್ಪತ್ರೆಗೆ ತಿಳಿಸಿ. ನಳಿಗೆಯಲ್ಲಿ ಕಪ್ಪು ಕೆಂಪಿನ ಗಟ್ಟಿ ಚೂರು ಸಿಕ್ಕಿಕೊಂಡಿದ್ದರೆ ಅದನ್ನು ಕೆಳಗೆ ಜಾರಿಸುವ ಒಂದು ಕ್ರಮವಿದೆ. ಅದನ್ನು ಓದಿ ಮಾಡುವುದು ಬೇಡ, ಡಿಸ್ಚಾರ್ಜ್ ಆಗುವ ಮುಂಚೆ ನರ್ಸ್ ಕೈಯಲ್ಲಿ ಒಮ್ಮೆ ಮಾಡಿಸಿ ನೋಡಿಕೊಳ್ಳಿ.

ಅಳತೆ ದಿನಾ ಒಂದೇ ಹೊತ್ತಿಗೆ ಆಗಬೇಕು. ಎರಡು ಬಾಟಲಿ ಇದ್ದರೆ ಬೇರೆ ಬೇರೆ ಬರೆಯಬೇಕು, ಯಾವುದು ಎದೆಯದು ಯಾವುದು ಬೆನ್ನಿನದು ಎಂದು ಅವುಗಳ ಮೇಲೆ ಚೀಟಿ ಅಂಟಿಸಿ. ಬಣ್ಣವನ್ನೂ ಬರೆಯಿರಿ. ಮೊದಲು ಕೆಂಪು, ಆಮೇಲೆ ತಿಳಿಗೆಂಪು, ಕೊನೆಗೆ ಒಣಹುಲ್ಲಿನ ಬಣ್ಣ, ಇದು ಸರಿಯಾದ ದಾರಿ. ತಿಳಿಯಾದದ್ದು ಮತ್ತೆ ಕಡುಗೆಂಪಾಗಿ ಬೇಗ ಬೇಗ ತುಂಬಿದರೆ ಒಳಗೆ ರಕ್ತ ಸೋರುತ್ತಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಬಾಟಲಿ ಯಾವಾಗಲೂ ಗಾಯಕ್ಕಿಂತ ಕೆಳಗಿರಲಿ. ಆದರೆ ತೂಗಾಡಬಾರದು. ಒಂದು ಬಟ್ಟೆ ಚೀಲ ಹೊಲಿದು ಅದರೊಳಗಿಟ್ಟು ಸೊಂಟಕ್ಕೆ ಕಟ್ಟಿಕೊಳ್ಳಬಹುದು. ಪಿನ್ ಹಾಕುವುದಾದರೆ ಚೀಲಕ್ಕೆ ಹಾಕಿ, ನಳಿಗೆಗೆ ಚುಚ್ಚಬೇಡಿ. ಪಿರಿಯಾಪಟ್ಟಣಕ್ಕೆ ಮೈಸೂರಿನಿಂದ ಸುಮಾರು 70 ಕಿ.ಮೀ. ಬಸ್ಸಿನಲ್ಲಿ ಬರುವಾಗ ಆ ಕಡೆಯ ಕೈ ಕಿಟಕಿಯ ಬದಿಗೆ ಬರುವಂತೆ ಕೂತರೆ ನಡುವೆ ನಿಂತವರ ಬ್ಯಾಗು ತಗುಲಿ ನಳಿಗೆ ಎಳೆಯುವುದು ತಪ್ಪುತ್ತದೆ.

ತೆಗೆಯುವುದು ಯಾವಾಗ? ಸಾಮಾನ್ಯವಾಗಿ 24 ಗಂಟೆಗೆ ಸುಮಾರು 30 ಮಿ.ಲೀ.ಗಿಂತ ಕಡಿಮೆಗೆ ಇಳಿದು, ಒಂದೆರಡು ದಿನ ಹಾಗೆಯೇ ನಿಂತಾಗ. ಸರ್ಜನ್‌ನಿಂದ ಸರ್ಜನ್‌ಗೆ ಈ ಸಂಖ್ಯೆ ಸ್ವಲ್ಪ ಬದಲಾಗುತ್ತದೆ, ನಿಮಗೆ ಹೇಳಿದ್ದೇ ನಿಮ್ಮ ಸಂಖ್ಯೆ. ಬೇಗ ತೆಗೆದರೆ ನೀರು ತುಂಬುತ್ತದೆ. ಹಾಗೆಂದು ತಿಂಗಳುಗಟ್ಟಲೆ ಬಿಡುವಂತೆಯೂ ಇಲ್ಲ, ನಳಿಗೆ ಹೊರಗಿನಿಂದ ಒಳಕ್ಕೆ ಸೋಂಕು ಹೋಗುವ ದಾರಿಯೂ ಹೌದು. ಇಂಪ್ಲಾಂಟ್ ಇಟ್ಟವರಲ್ಲಿ ಸೋಂಕು ತಗುಲಿದರೆ ಕೆಲವೊಮ್ಮೆ ಇಂಪ್ಲಾಂಟನ್ನೇ ತೆಗೆಯಬೇಕಾಗುತ್ತದೆ. ಈ ಎರಡರ ನಡುವೆ ತೂಗಿ ನೋಡಲು ವೈದ್ಯರಿಗೆ ಬೇಕಾಗುವುದು ನಿಮ್ಮ ಆ ಪುಸ್ತಕದ ಪುಟ. ‘ಪರ್ವಾಗಿಲ್ಲ ಸಾರ್, ಕಮ್ಮಿ ಆಗೈತೆ’ ಎಂಬ ಮಾತಿನಿಂದ ಅವರಿಗೆ ಏನೂ ಗೊತ್ತಾಗುವುದಿಲ್ಲ.

ಕೈ ಆಡಿಸಬೇಕೇ, ಬೇಡವೇ?

ಇಲ್ಲಿಯೇ ಸಂದೇಶದ ಅರ್ಧ ಸತ್ಯ ಇರುವುದು. ಮೊದಲ ಕೆಲವು ದಿನ ತೋಳನ್ನು ತುಂಬ ಎತ್ತಿ ಆಡಿಸಿದರೆ ಅಂಟಿಕೊಳ್ಳುತ್ತಿರುವ ಚರ್ಮ ಮತ್ತೆ ಮತ್ತೆ ಜರುಗುತ್ತದೆ, ಒಸರುವುದು ಹೆಚ್ಚುತ್ತದೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2010ರ ಕಾಕ್ರೇನ್ ವಿಮರ್ಶೆ ಇದನ್ನೇ ಹೇಳಿತು. ಆಪರೇಷನ್ ಆದ ಮೊದಲ ಮೂರು ದಿನಗಳಲ್ಲೇ ಭುಜದ ವ್ಯಾಯಾಮ ಶುರುಮಾಡಿದವರಿಗೆ ಬಾಟಲಿಗೆ ಬರುವ ದ್ರವ ಹೆಚ್ಚು, ಡ್ರೈನ್ ಇಡಬೇಕಾದ ದಿನಗಳೂ ಹೆಚ್ಚು. ಆದರೆ ಅದೇ ವಿಮರ್ಶೆ ಇನ್ನೊಂದು ಮಾತನ್ನೂ ಹೇಳಿತು. ಬೇಗ ಶುರುಮಾಡಿದವರ ಭುಜ ಚೆನ್ನಾಗಿ ತಿರುಗುತ್ತಿತ್ತು.

ಹಾಗಾದರೆ ಮಧ್ಯದ ದಾರಿ? ಬ್ರಿಟನ್ನಿನಲ್ಲಿ ನಡೆದು 2021ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಪ್ರಕಟವಾದ ‘ಪ್ರಾಸ್ಪರ್’ ಎಂಬ ಪ್ರಯೋಗದಲ್ಲಿ, ಭುಜ ಬಿಗಿಯುವ ಸಾಧ್ಯತೆ ಹೆಚ್ಚಿದ್ದವರಿಗೆ ಆಪರೇಷನ್ ಆದ 7ರಿಂದ 10 ದಿನಗಳ ನಂತರ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ ಶುರುಮಾಡಿಸಿದರು. ಒಂದು ವರ್ಷದ ನಂತರ ಅವರ ಕೈ ಉಳಿದವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಗಾಯದ ತೊಂದರೆಗಳೇನೂ ಹೆಚ್ಚಾಗಲಿಲ್ಲ.

ಆದ್ದರಿಂದ ಅನೇಕ ಆಸ್ಪತ್ರೆಗಳಲ್ಲಿ ಹೀಗೆ ಹೇಳುತ್ತಾರೆ. ಮೊದಲ ವಾರ ಬೆರಳು, ಮಣಿಕಟ್ಟು, ಮೊಣಕೈ ಧಾರಾಳವಾಗಿ ಆಡಿಸಿ. ಊಟ ಮಾಡಿ, ಮುಖ ತೊಳೆಯಿರಿ, ರವಿಕೆಯ ಗುಂಡಿ ಹಾಕಿಕೊಳ್ಳಿ. ತೋಳನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತಬೇಡಿ. ಆಮೇಲೆ ವೈದ್ಯರು ಹೇಳಿದ ದಿನದಿಂದ ನಿಧಾನವಾಗಿ ಗೋಡೆಯ ಮೇಲೆ ಬೆರಳು ನಡೆಸುತ್ತಾ ಎತ್ತರಕ್ಕೆ ಹೋಗಿ. ಮರುನಿರ್ಮಾಣದ ಬಗೆಗೆ ತಕ್ಕಂತೆ ಈ ದಿನ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ.

ಎರಡು ತಿಂಗಳು ಕೈ ಕಟ್ಟಿಕೊಂಡು ಕೂತರೆ ಭುಜ ಬಿಗಿದುಹೋಗುತ್ತದೆ. ಇದರಿಂದ ಆಗುವ ದೊಡ್ಡ ನಷ್ಟವನ್ನು ಸಂದೇಶ ಹೇಳುವುದಿಲ್ಲ. ರೇಡಿಯೇಷನ್ ಕೊಡುವಾಗ ತೋಳನ್ನು ತಲೆಯ ಮೇಲೆ ಎತ್ತಿ ಅಲ್ಲಾಡದೆ ಮಲಗಬೇಕು. ಎತ್ತಲಾಗದಿದ್ದರೆ ಕ್ಯಾನ್ಸರ್‌ನ ಮುಂದಿನ ಚಿಕಿತ್ಸೆಯೇ ತಡವಾಗುತ್ತದೆ.

ನಮ್ಮ ತಾಲ್ಲೂಕುಗಳಲ್ಲಿ ಇನ್ನೊಂದು ಪ್ರಶ್ನೆ, ಕೆಲಸಕ್ಕೆ ಯಾವಾಗ? ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಮನೆಗಳಲ್ಲಿ ಸೊಪ್ಪು ಮುರಿದು ಬ್ಯಾರನ್‌ಗೆ ಏರಿಸುವ ತಿಂಗಳುಗಳಲ್ಲಿ ಹೆಂಗಸರು ಸುಮ್ಮನೆ ಕೂರುವಂತಿಲ್ಲ. ‘ಕೂತ್ಕಂಡು ಕಡ್ಡಿಗೆ ಸೊಪ್ಪು ಕಟ್ಟೋದಲ್ವಾ, ಭಾರ ಏನು’ ಎನ್ನುತ್ತಾರೆ. ಆದರೆ ಒಂದೇ ಚಲನೆ ಗಂಟೆಗಟ್ಟಲೆ, ಅದೂ ತೋಳಿನಿಂದಲೇ. ಬಿಂದಿಗೆ ಹೊರುವುದು, ಹುಲ್ಲಿನ ಹೊರೆ ಎತ್ತುವುದು, ಸೊಪ್ಪು ಕಟ್ಟುವುದು, ಇವಕ್ಕೆಲ್ಲ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬಿಡುವು ಬೇಕು. ಇದನ್ನು ರೋಗಿಗೆ ಹೇಳಿ ಪ್ರಯೋಜನವಿಲ್ಲ, ಅವರಿಗೆ ಗೊತ್ತಿರುತ್ತದೆ. ಮನೆಯ ಗಂಡಸರಿಗೆ ಡಾಕ್ಟರ ಬಾಯಿಂದಲೇ ಹೇಳಿಸಿ.

ನಂಜು, ನೀರು, ಊಟ

ನಂಜು ಎಂಬ ಮಾತನ್ನು ನಮ್ಮ ಕಡೆ ಎಲ್ಲ ಗಾಯಕ್ಕೂ ಬಳಸುತ್ತಾರೆ. ಹಲ್ಲು ಕೀಳಿಸಿದರೂ ಬದನೆಕಾಯಿ ಬಂದ್. ಆದರೆ ಸೆರೋಮಾ ಆಗುವುದು ಚರ್ಮದಡಿಯ ಖಾಲಿ ಜಾಗದಿಂದ ಮತ್ತು ತುಂಡಾದ ನಾಳಗಳಿಂದ. ತಿಂದ ಬದನೆಕಾಯಿ ಅಲ್ಲಿಗೆ ನೀರು ತರುತ್ತದೆ ಎಂದು ತೋರಿಸುವ ಆಧಾರವಿಲ್ಲ. ಬದನೆಕಾಯಿ ಬಿಟ್ಟರೆ ನಷ್ಟವೇನೂ ಇಲ್ಲ, ಬಿಡುವವರು ಬಿಡಲಿ. ಮೊಟ್ಟೆ, ಮೀನು, ಮಾಂಸ, ಕಾಳುಗಳನ್ನು ಬಿಡಿಸಿದರೆ ಮಾತ್ರ ನಷ್ಟ. ಗಾಯ ಮಾಯಲು ಪ್ರೋಟೀನ್ ಬೇಕು. ಬಾಟಲಿಯಲ್ಲಿ ದಿನಾ ಹೊರಹೋಗುವ ದ್ರವದಲ್ಲೂ ಸ್ವಲ್ಪ ಪ್ರೋಟೀನ್ ಇರುತ್ತದೆ. ಮುಂದೆ ಕೀಮೋ ಇರುವವರು ತಿಂಗಳುಗಟ್ಟಲೆ ಬರೀ ಗಂಜಿ, ತಿಳಿಸಾರಿನಲ್ಲಿ ಕಳೆದು ಸೊರಗಿದರೆ ಕೀಮೋ ತಡೆದುಕೊಳ್ಳುವುದು ಕಷ್ಟ. ಮುದ್ದೆ, ಕಾಳಿನ ಬಸ್ಸಾರು, ಹುರಳಿ, ಮೊಟ್ಟೆ, ಮಜ್ಜಿಗೆ ಎಲ್ಲವೂ ನಡೆಯುತ್ತದೆ.

ನೀರು ಕಡಿಮೆ ಕುಡಿಯುವುದೂ ಹಾಗೆಯೇ. ಕುಡಿದ ನೀರು ಗಾಯದ ಗುಂಡಿಗೆ ನೇರವಾಗಿ ಹೋಗುವುದಿಲ್ಲ. ಬಾಯಾರಿಕೆ ತಡೆದರೆ ಸಿಗುವುದು ಮಲಬದ್ಧತೆ, ಉರಿಮೂತ್ರ, ಸುಸ್ತು. ಹೃದಯದ ಅಥವಾ ಕಿಡ್ನಿಯ ತೊಂದರೆಗೆಂದು ವೈದ್ಯರೇ ನೀರಿಗೆ ಮಿತಿ ಹಾಕಿದ್ದರೆ ಅದು ಬೇರೆ ವಿಷಯ.

ನಿಜಕ್ಕೂ ಲೆಕ್ಕಕ್ಕೆ ಬರುವುದು ಬೇರೆ. ಮೈತೂಕ ಹೆಚ್ಚಿದ್ದವರಲ್ಲಿ ನೀರು ತುಂಬುವುದು ಹೆಚ್ಚು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಸೋಂಕು ಬೇಗ ತಗುಲುತ್ತದೆ, ಗಾಯ ನಿಧಾನ. ಮತ್ತೆ ತಂಬಾಕು. ಹೊಗೆಸೊಪ್ಪು ಬೆಳೆಯುವ ಸೀಮೆಯಲ್ಲಿ ಕೂತು ಇದನ್ನು ಹೇಳುವುದು ಕಷ್ಟವೇ, ಆದರೂ ಹೇಳಬೇಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಸುತ್ತದೆ, ಮರುನಿರ್ಮಾಣ ಮಾಡಿದ ಭಾಗ ಬದುಕುವುದು ಅದೇ ನಾಳಗಳಿಂದ. ‘ನಾನೇನು ಬೀಡಿ ಸೇದಲ್ಲವಲ್ಲ’ ಎನ್ನುವ ಅಜ್ಜಿಯಂದಿರ ಎಲೆಅಡಿಕೆಯಲ್ಲಿನ ಹೊಗೆಸೊಪ್ಪು, ಕಡ್ಡಿಪುಡಿಯಲ್ಲೂ ಇರುವುದು ಅದೇ ನಿಕೋಟಿನ್. ಆಪರೇಷನ್‌ಗೆ ಮುಂಚೆಯೇ ಡಾಕ್ಟರಿಗೆ ಹೇಳಿ, ನಾಚಿಕೊಳ್ಳಬೇಡಿ.

ಶಾಖ ಕೊಡಬೇಡಿ

ಇಡೀ ಸಂದೇಶದಲ್ಲಿ ನನಗೆ ಭಯವಾದದ್ದು ಈ ಸಾಲಿಗೆ. ಉಪ್ಪಿನ ಗಂಟು, ಹರಳೆಲೆ, ಬಿಸಿನೀರಿನ ಚೀಲ, ಹೆಸರು ಯಾವುದೇ ಇರಲಿ. ಆಪರೇಷನ್‌ನಲ್ಲಿ ಚರ್ಮಕ್ಕೆ ಬರುವ ನರಗಳು ತುಂಡಾಗಿರುತ್ತವೆ. ಎದೆಯ ಚರ್ಮಕ್ಕೆ, ತಂದು ಕೂರಿಸಿದ ಭಾಗಕ್ಕೆ, ಬೆನ್ನಿನ ಗಾಯದ ಸುತ್ತ ಸ್ಪರ್ಶ ಇರುವುದಿಲ್ಲ, ಇದ್ದರೂ ಮಂಕಾಗಿರುತ್ತದೆ. ನಮಗೆ ಬಿಸಿ ತಗುಲಿದರೆ ಕೈ ತಾನಾಗಿ ಹಿಂದೆ ಬರುತ್ತದೆ. ಅವರಿಗೆ ಸುಡುತ್ತಿರುವುದೇ ತಿಳಿಯುವುದಿಲ್ಲ. ‘ಬಿಸಿ ಸಾಲ್ದು, ಇನ್ನೊಂಚೂರು ಕಾಯ್ಸಿ’ ಎನ್ನುತ್ತಾರೆ. ಮರುನಿರ್ಮಾಣವಾದ ಸ್ತನದ ಮೇಲೆ ಬಿಸಿನೀರಿನ ಚೀಲ ಇಟ್ಟು, ಎದ್ದು ನೋಡಿದಾಗ ಚರ್ಮ ಸುಟ್ಟು ಬೊಬ್ಬೆ ಎದ್ದಿದ್ದ ಪ್ರಕರಣಗಳು ಹಲವು ದೇಶಗಳ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕೆಲವು ಆಪರೇಷನ್ ಆಗಿ ತಿಂಗಳುಗಳು, ವರ್ಷಗಳು ಕಳೆದ ಮೇಲೆ ಆದಂಥವು. ಐಸ್ ಇಡುವುದೂ ಬೇಡ, ಕಾರಣ ಅದೇ. ಸ್ನಾನದ ನೀರಿನ ಬಿಸಿಯನ್ನು ಇನ್ನೊಂದು ಕಡೆಯ ಕೈಯಿಂದ ನೋಡಿಯೇ ಹುಯ್ದುಕೊಳ್ಳಬೇಕು. ಅರಿಶಿನ, ಸುಣ್ಣ, ಹಸಿ ಸೊಪ್ಪಿನ ರಸ ಇವನ್ನೂ ಹೊಸ ಗಾಯದ ಹತ್ತಿರ ತರಬೇಡಿ, ನಳಿಗೆಯ ತೂತು ತೆರೆದೇ ಇರುತ್ತದೆ.

ಆದರೂ ತುಂಬಿದರೆ?

ಎಲ್ಲ ಸರಿಯಾಗಿ ಮಾಡಿದರೂ ಕೆಲವರಿಗೆ ತುಂಬುತ್ತದೆ. ಅದು ಅವರ ತಪ್ಪಲ್ಲ. ಡ್ರೈನ್ ತೆಗೆದ ಒಂದೆರಡು ವಾರದಲ್ಲಿ ಚರ್ಮದಡಿ ಮೆತ್ತಗೆ ಊದುತ್ತದೆ. ಒತ್ತಿದರೆ ನೀರಿನ ಚೀಲ ಒತ್ತಿದಂತೆ, ಹೊರಳಿದರೆ ಒಳಗೆ ಏನೋ ತುಳುಕಿದಂತೆ ಅನಿಸುತ್ತದೆ. ಸ್ವಲ್ಪವಿದ್ದರೆ ಕೆಲವು ವಾರಗಳಲ್ಲಿ ದೇಹವೇ ಹೀರಿಕೊಳ್ಳುತ್ತದೆ. ಹೆಚ್ಚಿದ್ದು ಎಳೆತ, ನೋವು ಇದ್ದರೆ ಆಸ್ಪತ್ರೆಯಲ್ಲಿ ಶುದ್ಧವಾದ ಸೂಜಿಯಿಂದ ತೆಗೆಯುತ್ತಾರೆ. ಚರ್ಮ ಮಂಕಾಗಿರುವುದರಿಂದ ಅಷ್ಟೇನೂ ನೋಯುವುದಿಲ್ಲ. ಎರಡು ಮೂರು ಸಲ ತೆಗೆಯಬೇಕಾಗಿ ಬರಬಹುದು, ಗಾಬರಿ ಬೇಡ.

ಇದನ್ನು ಊರಿನ ಕ್ಲಿನಿಕ್‌ನಲ್ಲಿ ಮಾಡಿಸಬೇಡಿ. ಇಂಪ್ಲಾಂಟ್ ಇದ್ದರೆ ಸೂಜಿ ಅದಕ್ಕೇ ಚುಚ್ಚಿಕೊಳ್ಳಬಹುದು, ಅದಕ್ಕೇ ಸ್ಕ್ಯಾನ್ ನೋಡಿಕೊಂಡು ತೆಗೆಯುತ್ತಾರೆ. ಶುದ್ಧವಲ್ಲದ ಸೂಜಿ ಹೋದರೆ ತಿಳಿನೀರು ಕೀವಾಗುತ್ತದೆ. ಕೀವಾದರೆ ಕೀಮೋ, ರೇಡಿಯೇಷನ್ ಎರಡೂ ಮುಂದಕ್ಕೆ ಹೋಗುತ್ತವೆ. ಚಳಿ ಜ್ವರ, ಕೆಂಪಾಗಿ ಬಿಸಿಯಾಗುವುದು, ದುರ್ವಾಸನೆ, ಕೀವು, ಕೂರಿಸಿದ ಭಾಗದ ಬಣ್ಣ ಕಪ್ಪಾಗುವುದು ಅಥವಾ ನೀಲಿಗಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ.

ಕ್ಯಾನ್ಸರ್ ಮತ್ತೆ ಬಂತೇ ಎಂಬ ಪ್ರಶ್ನೆಗೆ: ಆಪರೇಷನ್ ಆದ ಮೊದಲ ವಾರಗಳಲ್ಲಿ ತುಂಬುವ ನೀರು ಕ್ಯಾನ್ಸರ್ ಮರಳಿದ್ದರ ಗುರುತಲ್ಲ. ಒಂದು ಅಪರೂಪದ ಸಂಗತಿ ಮಾತ್ರ ಇಂಪ್ಲಾಂಟ್ ಇರುವವರು ತಿಳಿದಿರಬೇಕು. ಮೇಲ್ಮೈ ಒರಟಾಗಿರುವ ಕೆಲವು ಬಗೆಯ ಇಂಪ್ಲಾಂಟ್‌ಗಳ ಸುತ್ತ, ಇಟ್ಟು ವರ್ಷಗಳಾದ ಮೇಲೆ, ಒಂದು ವಿಶೇಷ ಬಗೆಯ ಲಿಂಫೋಮಾ ಬರಬಹುದು. ಅದರ ಮೊದಲ ಗುರುತು ಹೆಚ್ಚಾಗಿ ಹಠಾತ್ತನೆ ನೀರು ತುಂಬಿ ಊದುವುದೇ. 2019ರ ಜುಲೈನಲ್ಲಿ ಅಮೆರಿಕದ ಎಫ್‌ಡಿಎ ಕೇಳಿಕೊಂಡ ಮೇಲೆ ಅಲರ್ಗಾನ್ ಕಂಪನಿ ತನ್ನ ‘ಬಯೋಸೆಲ್’ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಹಾಗಾಗಿ ಇಂಪ್ಲಾಂಟ್‌ನ ಕಾರ್ಡನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿ ಇಡಿ. ಒಂದು ವರ್ಷ ದಾಟಿದ ಮೇಲೆ ಊದಿಕೊಂಡರೆ ತೋರಿಸಿ.

ಮನೆಗೆ ಹೊರಡುವ ಮುಂಚೆ

ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯಿಂದ ಮೈಸೂರಿಗೆ ಬರುವುದು ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೊಬ್ಬರು. ಡ್ರೈನ್ ತೆಗೆಸಲು, ಹೊಲಿಗೆ ಬಿಚ್ಚಿಸಲು, ನೀರು ತೆಗೆಸಲು ಹೀಗೆ ಮೂರು ನಾಲ್ಕು ಸಲ ಓಡಾಡಬೇಕು ಎಂದಾಗ ಊರಿನಲ್ಲೇ ಎಳೆದುಹಾಕಿಸುವ ಆಸೆ ಬರುವುದು ಸಹಜ. ಡಿಸ್ಚಾರ್ಜ್ ದಿನ ಕೇಳಬೇಕಾದ ಮುಖ್ಯ ಪ್ರಶ್ನೆ ಇದೇ: ಡ್ರೈನ್ ತೆಗೆಯುವುದನ್ನು ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ, ಅಥವಾ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯಂಥ ಹತ್ತಿರದ ಕಡೆ ಮಾಡಿಸಬಹುದೇ? ಆಗುತ್ತದೆ ಎಂದರೆ ಎಷ್ಟು ಮಿ.ಲೀ.ಗೆ ಇಳಿದ ಮೇಲೆ ಎಂದು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ. ಬರೆದ ಚೀಟಿ ಇದ್ದರೆ ಅಲ್ಲಿನ ವೈದ್ಯರಿಗೂ ಧೈರ್ಯ. ಆಗುವುದಿಲ್ಲ ಎಂದರೆ ಏಕೆ ಎಂದು ಕೇಳಿ, ಇಂಪ್ಲಾಂಟ್ ಇದ್ದವರಿಗೆ ಹಾಗೆ ಹೇಳಲು ಕಾರಣವಿರುತ್ತದೆ.

ವಾರ್ಡಿನ ಫೋನ್ ನಂಬರ್ ತೆಗೆದುಕೊಳ್ಳಿ. ಬಾಟಲಿ ಖಾಲಿ ಮಾಡುವುದನ್ನು ನರ್ಸ್ ಮುಂದೆ ನೀವೇ ಒಮ್ಮೆ ಮಾಡಿ ತೋರಿಸಿ. ಅವರು ಮಾಡುವಾಗ ಕೇಳಿ ನಿಮ್ಮ ಫೋನಿನಲ್ಲಿ ವಿಡಿಯೊ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಚಿಕಿತ್ಸೆ ಪಡೆದಿದ್ದರೆ, ಮುಂದಿನ ಭೇಟಿಗಳಲ್ಲಿ ಯಾವುದಕ್ಕೆ ದುಡ್ಡು ಕಟ್ಟಬೇಕು, ಯಾವುದಕ್ಕೆ ಬೇಡ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಅಲ್ಲೇ ಕೇಳಿ. ಊರಿಗೆ ಬಂದ ಮೇಲೆ ಆಶಾ ಕಾರ್ಯಕರ್ತೆಗೆ ಅಳತೆ ಪುಸ್ತಕ ತೋರಿಸಿಡಿ. ರಾತ್ರಿ ಹೊತ್ತು ಜ್ವರ ಬಂದರೆ 108.

ಚಿಕ್ಕಮ್ಮನ ಎದೆಯ ನಳಿಗೆ ಮೊದಲು ಬಂತು. ಬೆನ್ನಿನದು ಎರಡು ವಾರ ದಾಟಿತು. ಕೊನೆಯ ಮೂರು ದಿನ ಪುಸ್ತಕದಲ್ಲಿ 45, 28, 24 ಎಂದಿದೆ. ತೆಗೆದ ಮೇಲೂ ಬೆನ್ನಿನಲ್ಲಿ ಸ್ವಲ್ಪ ತುಂಬಿ ಒಮ್ಮೆ ಸೂಜಿಯಿಂದ ತೆಗೆಸಬೇಕಾಯಿತು. ಕೀಮೋ ಹೇಳಿದ ದಿನಕ್ಕೇ ಶುರುವಾಯಿತು.